ಚಳಿಯ ರಾತ್ರಿಯಲ್ಲಿ ಕರೆಂಟ್ ಹೋದಾಗ

2021ರಲ್ಲಿ ವಿಭೂತಿ ಬುಧವಾರ ಫೆಬ್ರವರಿ 17ರಂದು ಬಂದಿತ್ತು. ಬೆಳಗಿನ ಬಲಿಪೂಜೆ ಮುಗಿದು ಜನರೆಲ್ಲ ಮನೆಗಳಿಗೆ ಹೊರಟ ಮೇಲೂ ಒಬ್ಬ ತಾಯಿ ಮಾತ್ರ ದೇವಾಲಯದ ಬಾಗಿಲ ಬಳಿ ನನಗಾಗಿ ಕಾದು ನಿಂತಿದ್ದರು.

"ಫಾದರ್, ಅಮೆರಿಕದಲ್ಲೂ ಕರೆಂಟ್ ಹೋಗುತ್ತಾ?" ಎಂದು ಕೇಳಿದರು.

ಅವರ ಮಗ, ಸೊಸೆ ಮತ್ತು ಐದು ತಿಂಗಳ ಮೊಮ್ಮಗಳು ಟೆಕ್ಸಸ್ ರಾಜ್ಯದ ಡಾಲಸ್ ನಗರದಲ್ಲಿದ್ದರು. ಸೋಮವಾರ ಬೆಳಗಿನ ಜಾವ ಹೋದ ಕರೆಂಟ್ ಎರಡು ರಾತ್ರಿ ಕಳೆದರೂ ಬಂದಿರಲಿಲ್ಲ. ಹೊರಗೆ ಹಿಮ ಬಿದ್ದಿದೆ, ಫೋನಿನ ಚಾರ್ಜು ಮುಗಿಯುತ್ತಿದೆ ಎಂದು ಹೇಳಿ ಮಗ ಫೋನ್ ಇಟ್ಟಿದ್ದನಂತೆ.

"ಮಾಂಸ ಸುಡೋ ಇದ್ದಿಲ ಒಲೆ ಮನೇಲಿದೆಯಂತೆ ಫಾದರ್. ಅದರಲ್ಲಿ ಕೆಂಡ ಮಾಡಿ ಮಗು ಮಲಗೋ ಕೋಣೇಲಿ ಇಡು, ಬಾಣಂತಿಗೆ ನಾವು ಅಗ್ಗಿಷ್ಟಿಕೆ ಇಡ್ತೀವಲ್ಲ, ಹಾಗೆ ಅಂತ ಹೇಳಿದೀನಿ. ಸರಿ ಹೇಳಿದೆ ತಾನೆ?"

ನನ್ನ ತಂಗಿಯ ಬಾಣಂತನದಲ್ಲಿ ನಮ್ಮ ತಾಯಿಯೂ ಹಾಗೆಯೇ ಮಾಡಿದ್ದರು. ನಾನು ಒಂದು ಕ್ಷಣವೂ ಯೋಚಿಸದೆ, "ಸರಿಯಾಗೇ ಹೇಳಿದ್ದೀರಿ ಅಮ್ಮಾ. ಧೈರ್ಯವಾಗಿರಿ, ಪ್ರಾರ್ಥನೆ ಮಾಡೋಣ" ಎಂದು ಹೇಳಿ ಕಳುಹಿಸಿದೆ.

ಪ್ರಿಯ ಓದುಗರೇ, ನಾನು ಅಂದು ಕೊಟ್ಟ ಉತ್ತರ ಆ ಮೂವರ ಪ್ರಾಣ ತೆಗೆಯಬಹುದಾದ ಉತ್ತರವಾಗಿತ್ತು. ಗುರುಮಠದಲ್ಲಿ ವರ್ಷಗಟ್ಟಲೆ ತತ್ವಶಾಸ್ತ್ರ, ದೈವಶಾಸ್ತ್ರ ಓದಿದ ನನಗೆ ಮುಚ್ಚಿದ ಕೋಣೆಯಲ್ಲಿ ಕೆಂಡ ಏನು ಮಾಡುತ್ತದೆ ಎಂಬ ಸಣ್ಣ ವಿಷಯ ತಿಳಿದಿರಲಿಲ್ಲ. ಗುರುವಾರ ಮಗನಿಂದ ಮತ್ತೆ ಫೋನ್ ಬಂತು. ಅವನು ತಾಯಿಯ ಮಾತಿನಂತೆ ಬಾಲ್ಕನಿಯಲ್ಲಿ ಇದ್ದಿಲು ಹೊತ್ತಿಸಿ, ಒಲೆಯನ್ನು ಒಳಗೆ ತರಲು ಕೈ ಹಾಕಿದ್ದನಂತೆ. ಪಕ್ಕದ ಮನೆಯಲ್ಲಿ ಒಬ್ಬಳೇ ಇದ್ದ ವೃದ್ಧೆ ಅದನ್ನು ಕಂಡು, "ಒಳಗೆ ಒಯ್ಯಬೇಡ, ಮಗು ಸಾಯುತ್ತದೆ" ಎಂದು ಕೂಗಿ ತಡೆದಳಂತೆ. ಆ ರಾತ್ರಿ ಆಕೆಯೂ ತನ್ನ ಹೊದಿಕೆಗಳನ್ನು ಹೊತ್ತು ಇವರ ಮನೆಗೇ ಬಂದಳು. ನಾಲ್ವರೂ ಒಂದೇ ಕೋಣೆಯಲ್ಲಿ ಮಲಗಿ ರಾತ್ರಿ ಕಳೆದರು.

ಅಂದಿನಿಂದ ಕೇಳಿ, ಓದಿ ತಿಳಿದುಕೊಂಡದ್ದನ್ನು ಇಂದು ನಿಮ್ಮ ಮುಂದಿಡುತ್ತಿದ್ದೇನೆ. ಮಕ್ಕಳನ್ನು ಚಳಿಯ ದೇಶಗಳಿಗೆ ಕಳುಹಿಸಿರುವ ಮನೆಗಳು ಇಂದು ನಮ್ಮ ಧರ್ಮಕೇಂದ್ರಗಳಲ್ಲಿ ಹಲವಾರಿವೆ. ಅಂಥವರು ಇದನ್ನು ಓದಿ ಮಕ್ಕಳಿಗೂ ತಿಳಿಸಬೇಕೆಂದು ಕೋರುತ್ತೇನೆ.

ಅಂದು ಟೆಕ್ಸಸ್‌ನಲ್ಲಿ ನಡೆದದ್ದೇನು?

ನಮಗೆ ಕರೆಂಟ್ ಹೋಯಿತೆಂದರೆ ಸೆಕೆ, ಸೊಳ್ಳೆ, ಮಕ್ಕಳ ಪರೀಕ್ಷೆಯ ಓದು ಇವೇ ಚಿಂತೆ. ಬೀಸಣಿಗೆ, ಮೇಣದ ಬತ್ತಿ ಇದ್ದರೆ ರಾತ್ರಿ ಹೇಗೋ ಕಳೆಯುತ್ತದೆ. ಕೊರೆಯುವ ಚಳಿಯಲ್ಲಿ ಹಾಗಲ್ಲ. ಅಲ್ಲಿ ಕರೆಂಟ್ ಹೋಯಿತೆಂದರೆ ಒಲೆ ಆರಿತು, ಹೊದಿಕೆ ಹೋಯಿತು, ಕೆಲವೇ ಗಂಟೆಗಳಲ್ಲಿ ಕುಡಿಯುವ ನೀರೂ ಹೋಯಿತು ಎಂದೇ ಅರ್ಥ.

ಟೆಕ್ಸಸ್ ಮೂಲತಃ ಬಿಸಿಲಿನ ನಾಡು. ಆ ವಾರ ಉತ್ತರ ಧ್ರುವದ ಕಡೆಯ ಶೀತಗಾಳಿ ದಕ್ಷಿಣಕ್ಕೆ ನುಗ್ಗಿ ಬಂತು. ಫೆಬ್ರವರಿ 16ರಂದು ಡಾಲಸ್‌ನಲ್ಲಿ ತಾಪಮಾನ ಸೊನ್ನೆಗಿಂತ 19 ಡಿಗ್ರಿ ಸೆಲ್ಸಿಯಸ್ ಕೆಳಕ್ಕಿಳಿಯಿತು. ಆ ರಾಜ್ಯದ ಅರ್ಧಕ್ಕಿಂತ ಹೆಚ್ಚು ಮನೆಗಳು ಬೆಚ್ಚಗಾಗುವುದು ವಿದ್ಯುತ್ತಿನಿಂದಲೇ. ಎಲ್ಲರೂ ಏಕಕಾಲಕ್ಕೆ ಹೀಟರ್ ಹಾಕಿದ್ದರಿಂದ 14ರ ಭಾನುವಾರ ಸಂಜೆ ಬೇಡಿಕೆ ಸುಮಾರು 69,000 ಮೆಗಾವಾಟ್‌ಗೆ ಏರಿತು. ಅಲ್ಲಿಯವರೆಗೆ ಯಾವ ಚಳಿಗಾಲದಲ್ಲೂ ಅಷ್ಟು ಬೇಡಿಕೆ ಬಂದಿರಲಿಲ್ಲ. ಅದೇ ಹೊತ್ತಿಗೆ ವಿದ್ಯುತ್ ಸ್ಥಾವರಗಳು ಒಂದೊಂದಾಗಿ ನಿಲ್ಲತೊಡಗಿದವು.

ಅಮೆರಿಕದ ವಿದ್ಯುತ್ ಜಾಲ ಸೆಕೆಂಡಿಗೆ 60 ಆವರ್ತನಗಳ ಲಯದಲ್ಲಿ ನಡೆಯುತ್ತದೆ, ನಮ್ಮದು 50. ಏರು ಹತ್ತುವ ಎತ್ತಿನ ಗಾಡಿಗೆ ಹೊರೆ ಹೆಚ್ಚಾದರೆ ಎತ್ತುಗಳ ಹೆಜ್ಜೆ ನಿಧಾನವಾಗುವಂತೆ, ಬೇಡಿಕೆ ಹೆಚ್ಚಿ ಉತ್ಪಾದನೆ ಕುಸಿದರೆ ಈ ಲಯವೂ ತಗ್ಗುತ್ತದೆ. 15ರ ಬೆಳಗಿನ ಜಾವ ಅದು 59.4ಕ್ಕಿಂತ ಕೆಳಗಿಳಿದು 4 ನಿಮಿಷ 23 ಸೆಕೆಂಡು ಅಲ್ಲೇ ಉಳಿಯಿತು. 9 ನಿಮಿಷ ಹಾಗೆಯೇ ಉಳಿದಿದ್ದರೆ ಉಳಿದ ಯಂತ್ರಗಳೂ ತಮ್ಮನ್ನು ಕಾಪಾಡಿಕೊಳ್ಳಲು ತಾವೇ ನಿಂತುಬಿಡುತ್ತಿದ್ದವು. ಆಗ ಇಡೀ ಜಾಲವನ್ನು ಮತ್ತೆ ಮೊದಲಿನಿಂದ ಎಬ್ಬಿಸಲು ವಾರಗಳೇ ಬೇಕಾಗುತ್ತಿದ್ದವು. ಅದನ್ನು ತಪ್ಪಿಸಲು ಜಾಲವನ್ನು ನಡೆಸುವ ಎರ್ಕಾಟ್ ಸಂಸ್ಥೆ ಬೆಳಗಿನ ಜಾವ 1.20ರ ಸುಮಾರಿಗೆ ಲೋಡ್ ಶೆಡ್ಡಿಂಗ್‌ಗೆ ಆದೇಶ ನೀಡಿತು. ಆ ದಿನ ಕಡಿತಗೊಳಿಸಿದ ಹೊರೆ 20,000 ಮೆಗಾವಾಟ್‌ವರೆಗೆ ಏರಿತು.

ಬಡಾವಣೆಯಿಂದ ಬಡಾವಣೆಗೆ ಸರದಿಯಂತೆ ಸ್ವಲ್ಪ ಹೊತ್ತು ಮಾತ್ರ ಕರೆಂಟ್ ತೆಗೆಯಬೇಕೆಂಬುದು ಅವರ ಯೋಜನೆ. ಆದರೆ ಆಸ್ಪತ್ರೆಯಂಥ ಅಗತ್ಯ ಸೇವೆಗಳಿರುವ ಲೈನುಗಳನ್ನು ತೆಗೆಯುವಂತಿರಲಿಲ್ಲ. ಕೊರತೆ ಎಷ್ಟು ದೊಡ್ಡದಾಗಿತ್ತೆಂದರೆ ಉಳಿದ ಲೈನುಗಳಲ್ಲಿ ಸರದಿ ಮಾಡಲು ಏನೂ ಉಳಿಯಲಿಲ್ಲ. ಹೀಗಾಗಿ ಕತ್ತಲಾದ ಮನೆಗಳು ದಿನಗಟ್ಟಲೆ ಕತ್ತಲಲ್ಲೇ ಉಳಿದವು. ನಗರದ ನಡುವೆ ಯಾರೂ ಇಲ್ಲದ ಕಚೇರಿ ಕಟ್ಟಡಗಳು ಮಾತ್ರ ಝಗಝಗಿಸುತ್ತಿದ್ದವು. 45 ಲಕ್ಷಕ್ಕೂ ಹೆಚ್ಚು ಮನೆ, ಅಂಗಡಿಗಳಿಗೆ ವಿದ್ಯುತ್ ನಿಂತಿತು. ಕೊಳವೆಗಳು ಹೆಪ್ಪುಗಟ್ಟಿ ಒಡೆದು ಸುಮಾರು ಒಂದೂವರೆ ಕೋಟಿ ಜನರಿಗೆ ನೀರಿನ ತೊಂದರೆಯಾಯಿತು.

ಆ ರಾಜ್ಯದ ಆರೋಗ್ಯ ಇಲಾಖೆಯ ಅಂತಿಮ ಲೆಕ್ಕದಂತೆ ಸತ್ತವರು 246 ಜನ. ಅವರಲ್ಲಿ 161 ಮಂದಿ ನೇರವಾಗಿ ಚಳಿಗೆ ಸಿಕ್ಕಿ ಸತ್ತರು. 25 ಮಂದಿಗೆ ಮೊದಲೇ ಇದ್ದ ಕಾಯಿಲೆ ಉಲ್ಬಣಿಸಿತು. 22 ಮಂದಿ ವಾಹನ ಅಪಘಾತಗಳಲ್ಲಿ, 19 ಮಂದಿ ವಿಷಾನಿಲದಿಂದ, 10 ಮಂದಿ ಬೆಂಕಿಯಿಂದ, 9 ಮಂದಿ ಜಾರಿ ಬಿದ್ದು ತೀರಿಕೊಂಡರು. ಇವರಲ್ಲಿ ಬಹುಪಾಲು ಜನ ಕಾಡಿನಲ್ಲಿ ದಾರಿ ತಪ್ಪಿದವರಲ್ಲ. ಜಗತ್ತಿನ ಅತ್ಯಂತ ಶ್ರೀಮಂತ ದೇಶದಲ್ಲಿ, ಅಕ್ಕಪಕ್ಕದಲ್ಲಿ ಜನವಸತಿ ಇರುವಾಗಲೇ ಹೋದವರು.

ಎಣ್ಣೆ ಇದ್ದವರು, ಎಣ್ಣೆ ಇಲ್ಲದವರು

ಗಾಳಿಯಂತ್ರಗಳು ಹೆಪ್ಪುಗಟ್ಟಿದ್ದೇ ಕಾರಣವೆಂದು ಕೆಲವರು ಅಂದು ಕೂಗೆಬ್ಬಿಸಿದರು. ಗಾಳಿಯಂತ್ರಗಳೂ ನಿಂತದ್ದು ನಿಜ. ಆದರೆ ಅನಿಲ, ಕಲ್ಲಿದ್ದಲು, ಅಣುಶಕ್ತಿ ಹೀಗೆ ಎಲ್ಲ ಬಗೆಯ ಸ್ಥಾವರಗಳೂ ತೊಂದರೆಗೊಳಗಾದವು. ಅತಿ ಹೆಚ್ಚು ನಷ್ಟವಾದದ್ದು ನೈಸರ್ಗಿಕ ಅನಿಲದ ಸ್ಥಾವರಗಳಲ್ಲಿ. ಒಂದು ಅಣುಸ್ಥಾವರದ ಘಟಕ ನಿಂತದ್ದು ಒತ್ತಡ ಅಳೆಯುವ ಸಣ್ಣ ಕೊಳವೆಯಲ್ಲಿ ನೀರು ಹೆಪ್ಪುಗಟ್ಟಿದ್ದರಿಂದ. ಇನ್ನೊಂದು ವಿಚಿತ್ರವನ್ನೂ ಗಮನಿಸಿ. ಅನಿಲವನ್ನು ಕೊಳವೆಗಳಲ್ಲಿ ತಳ್ಳುವ ಕೆಲವು ಯಂತ್ರಗಳು ವಿದ್ಯುತ್ತಿನಿಂದಲೇ ನಡೆಯುತ್ತವೆ. ಅವು ಅಗತ್ಯ ಸೇವೆಗಳ ಪಟ್ಟಿಯಲ್ಲಿ ಸೇರಿರಲಿಲ್ಲ. ಲೋಡ್ ಶೆಡ್ಡಿಂಗ್‌ನಲ್ಲಿ ಅವುಗಳ ಕರೆಂಟೂ ಹೋಯಿತು, ಅನಿಲ ಬರುವುದು ಕಡಿಮೆಯಾಯಿತು, ಅದರಿಂದ ವಿದ್ಯುತ್ ಉತ್ಪಾದನೆ ಮತ್ತಷ್ಟು ಕುಸಿಯಿತು.

ಇದು ಅನಿರೀಕ್ಷಿತವಾಗಿರಲಿಲ್ಲ. 2011ರ ಫೆಬ್ರವರಿಯಲ್ಲೂ ಇಂಥದೇ ಚಳಿ ಬಂದು ಟೆಕ್ಸಸ್‌ನಲ್ಲಿ ಲೋಡ್ ಶೆಡ್ಡಿಂಗ್ ಆಗಿತ್ತು. ಯಂತ್ರಗಳಿಗೂ ಕೊಳವೆಗಳಿಗೂ ಚಳಿಯಿಂದ ರಕ್ಷಣೆ ಕೊಡಿ ಎಂದು ಕೇಂದ್ರದ ತನಿಖಾ ವರದಿ ಅದೇ ವರ್ಷ ಶಿಫಾರಸು ಮಾಡಿತ್ತು. ಅದು ಸಲಹೆಯಾಗಿಯೇ ಉಳಿಯಿತು. ಹತ್ತು ವರ್ಷಕ್ಕೊಮ್ಮೆ ಬರುವ ಚಳಿಗೆ ಇಷ್ಟು ಖರ್ಚೇಕೆ ಎಂದು ಅನೇಕರು ಸುಮ್ಮನಾದರು.

ಆದರೆ ಅದೇ ರಾಜ್ಯದ ಪಶ್ಚಿಮ ತುದಿಯ ಎಲ್ ಪಾಸೋ ನಗರ ಸುಮ್ಮನಾಗಲಿಲ್ಲ. 2011ರಲ್ಲಿ ಪೆಟ್ಟು ತಿಂದ ಮೇಲೆ ಅಲ್ಲಿಯ ವಿದ್ಯುತ್ ಸಂಸ್ಥೆ ಚಳಿ ತಡೆಯುವ ವ್ಯವಸ್ಥೆಗಾಗಿ ಹಣ ಹಾಕಿತು. ಜೊತೆಗೆ ಆ ನಗರ ಅಕ್ಕಪಕ್ಕದ ರಾಜ್ಯಗಳ ಜಾಲಕ್ಕೆ ಸೇರಿದ್ದು. ಟೆಕ್ಸಸ್‌ನ ಉಳಿದ ಬಹುಭಾಗದ ಜಾಲ ಬೇರೆ ರಾಜ್ಯಗಳ ಜಾಲಗಳಿಂದ ಬೇರ್ಪಟ್ಟಂತಿರುವುದರಿಂದ ಕಷ್ಟಕಾಲದಲ್ಲಿ ಹೊರಗಿನಿಂದ ಹೆಚ್ಚು ವಿದ್ಯುತ್ ತರಲಾಗುವುದಿಲ್ಲ. 2021ರ ಆ ವಾರ ಎಲ್ ಪಾಸೋದ ಬಹುತೇಕ ಮನೆಗಳಲ್ಲಿ ದೀಪ ಆರಲಿಲ್ಲ.

ಮತ್ತಾಯನ ಶುಭಸಂದೇಶದ ಹತ್ತು ಮಂದಿ ಕನ್ಯೆಯರ ಸಾಮತಿ ಇಲ್ಲಿ ನೆನಪಾಗದಿರದು. ಹತ್ತು ಜನರ ಕೈಯಲ್ಲೂ ದೀಪವಿತ್ತು. ಹತ್ತು ಜನರೂ ತೂಕಡಿಸಿದರು. ವ್ಯತ್ಯಾಸವಿದ್ದದ್ದು ಎಣ್ಣೆಯಲ್ಲಿ ಮಾತ್ರ. ನಡುರಾತ್ರಿ ಕೂಗು ಕೇಳಿದ ಮೇಲೆ ಎಣ್ಣೆ ಹುಡುಕಿ ಹೊರಟರೆ ಪ್ರಯೋಜನವಿಲ್ಲ.

ಕರೆಂಟ್ ಹೋದ ಮನೆಯಲ್ಲಿ ಏನು ಮಾಡಬೇಕು?

ಮೊದಲನೆಯದಾಗಿ ಏನು ಮಾಡಬಾರದೆಂಬುದನ್ನು ಹೇಳುತ್ತೇನೆ. ಇದ್ದಿಲಿನ ಒಲೆ, ಜನರೇಟರ್ ಇವುಗಳನ್ನು ಮನೆಯೊಳಗೆ ತರಲೇಬಾರದು. ಅಡುಗೆ ಅನಿಲದ ಒಲೆ ಹೊತ್ತಿಸಿ ಮೈ ಕಾಯಿಸಿಕೊಳ್ಳಲೂಬಾರದು. ಇದ್ದಿಲು, ಪೆಟ್ರೋಲು, ಅನಿಲ ಸರಿಯಾಗಿ ಉರಿಯದಿದ್ದಾಗ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಕಸಿದುಕೊಳ್ಳುತ್ತದೆ. ರಕ್ತದ ಹಿಮೋಗ್ಲೋಬಿನ್‌ಗೆ ಅಂಟಿಕೊಳ್ಳುವ ಅದರ ಶಕ್ತಿ ಆಮ್ಲಜನಕದ್ದಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು. ತಲೆನೋವು, ತಲೆಸುತ್ತು, ವಾಕರಿಕೆ ಮೊದಲ ಲಕ್ಷಣಗಳು. ನಿದ್ದೆಯಲ್ಲಿರುವವರಿಗೆ ಅವೂ ತಿಳಿಯುವುದಿಲ್ಲ. ಆ ವಾರ ಹ್ಯೂಸ್ಟನ್‌ನಲ್ಲಿ ಒಂದು ಕುಟುಂಬ ಮನೆಗೆ ಸೇರಿದ ಗ್ಯಾರೇಜಿನಲ್ಲಿ ಕಾರು ಚಾಲೂ ಇಟ್ಟಿತ್ತು. ತಾಯಿ ಮತ್ತು ಮಗಳು ಉಳಿಯಲಿಲ್ಲ. ಜನರೇಟರ್ ಇದ್ದರೆ ಮನೆಯಿಂದ ಕನಿಷ್ಠ 20 ಅಡಿ ದೂರ, ಕಿಟಕಿ ಬಾಗಿಲುಗಳಿಗೆ ಎದುರಾಗದಂತೆ ಇಡಬೇಕು. ಬ್ಯಾಟರಿಯಿಂದ ನಡೆಯುವ ವಿಷಾನಿಲದ ಅಲಾರಂ ಮನೆಯಲ್ಲಿರಬೇಕು.

ಹಾಗಾದರೆ ನಮ್ಮ ಅಜ್ಜಿಯರ ಅಗ್ಗಿಷ್ಟಿಕೆ? ನಮ್ಮ ಹಳೆಯ ಹೆಂಚಿನ ಮನೆಗಳಲ್ಲಿ ಸಂದುಗೊಂದುಗಳಿಂದ ಗಾಳಿಯಾಡುತ್ತಿತ್ತು, ಹೊಗೆ ಹೆಂಚಿನ ನಡುವಿನಿಂದ ಹೊರಗೆ ಹೋಗುತ್ತಿತ್ತು. ಆಗಲೂ ಅಪಾಯ ಇಲ್ಲದಿರಲಿಲ್ಲ. ಅಮೆರಿಕದ ಮನೆಗಳು ಗಾಳಿ ನುಸುಳದಂತೆ ಕಟ್ಟಿದವು. ಈಗ ನಮ್ಮ ತಾರಸಿ ಮನೆಗಳೂ ಹಾಗೆಯೇ ಆಗುತ್ತಿವೆ. ಕಿಟಕಿಯಿಲ್ಲದ ಬಚ್ಚಲಲ್ಲಿ ಗ್ಯಾಸ್ ಗೀಸರ್ ಹಾಕಿ ಸ್ನಾನಕ್ಕೆ ಹೋದವರು ಹೊರಗೆ ಬಾರದ ಸುದ್ದಿಯನ್ನು ನಮ್ಮ ಪತ್ರಿಕೆಗಳಲ್ಲೇ ಓದಿದ್ದೇವೆ. ಆದ್ದರಿಂದ ಈ ಎಚ್ಚರಿಕೆ ನಮಗೂ ಸಲ್ಲುತ್ತದೆ.

ಎರಡನೆಯದಾಗಿ, ಎಲ್ಲರೂ ಒಂದೇ ಕೋಣೆಗೆ ಸೇರಬೇಕು. ಆದಷ್ಟು ಚಿಕ್ಕ ಕೋಣೆ, ಕಿಟಕಿ ಕಡಿಮೆಯಿರುವ ಕೋಣೆ ಒಳ್ಳೆಯದು. ಬಾಗಿಲ ಅಡಿಯ ಸಂದಿಗೆ ಟವೆಲ್ ಒತ್ತಿ, ಕಿಟಕಿಗೆ ದಪ್ಪ ಪರದೆ ಇಲ್ಲವೇ ಕಂಬಳಿ ಕಟ್ಟಬೇಕು. ಬಿಸಿಲು ಬೀಳುವ ಕಿಟಕಿಯ ಪರದೆಯನ್ನು ಹಗಲಲ್ಲಿ ತೆರೆದು ಸಂಜೆ ಮುಚ್ಚಬೇಕು. ದಪ್ಪನೆಯ ಒಂದು ಬಟ್ಟೆಗಿಂತ ಸಡಿಲವಾದ ಎರಡು ಮೂರು ಬಟ್ಟೆಗಳು ಹೆಚ್ಚು ಬೆಚ್ಚಗಿಡುತ್ತವೆ. ಬೆವರಿನಿಂದಲೋ ನೀರಿನಿಂದಲೋ ಒದ್ದೆಯಾದ ಬಟ್ಟೆಯನ್ನು ತಕ್ಷಣ ಬದಲಿಸಬೇಕು. ತಲೆಗೆ ಟೋಪಿ, ಕಾಲಿಗೆ ಉಣ್ಣೆಯ ಚೀಲ ಮರೆಯಬಾರದು. ಬೆಳಕಿಗೆ ಟಾರ್ಚ್ ಇರಲಿ. ಹೊದಿಕೆಗಳ ನಡುವೆ ಮೇಣದ ಬತ್ತಿ ಅಪಾಯ.

ಮೂರನೆಯದಾಗಿ, ಶಿಶುಗಳು ಮತ್ತು ವೃದ್ಧರ ಮೇಲೆ ಸದಾ ಕಣ್ಣಿರಬೇಕು. ದೇಹದ ತಾಪ 35 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಅಪಾಯ. ಮೊದಲು ನಡುಕ ಬರುತ್ತದೆ. ನಂತರ ಮಾತು ತೊದಲುತ್ತದೆ, ಕೈ ತಡವರಿಸುತ್ತದೆ, ಮಂಪರು ಕವಿಯುತ್ತದೆ. ನಡುಗುತ್ತಿದ್ದವರ ನಡುಕ ತಾನಾಗಿ ನಿಂತರೆ ಚಳಿ ಬಿಟ್ಟಿತೆಂದು ಸಮಾಧಾನಪಡಬೇಡಿ. ಸ್ಥಿತಿ ಬಿಗಡಾಯಿಸಿದೆ ಎಂದೇ ಅದರ ಅರ್ಥವಿರಬಹುದು. ಶಿಶುಗಳು ನಡುಗದೆಯೂ ತಣ್ಣಗಾಗಬಹುದು. ಅಂಥವರನ್ನು ಒಣ ಬಟ್ಟೆಯಲ್ಲಿ ಸುತ್ತಿ, ಎದೆ, ಕುತ್ತಿಗೆ, ಹೊಟ್ಟೆಯ ಭಾಗಕ್ಕೆ ಮೊದಲು ಶಾಖ ಕೊಡಬೇಕು. ತಬ್ಬಿಕೊಂಡು ಮೈಯ ಬಿಸಿ ಕೊಡುವುದೂ ಚಿಕಿತ್ಸೆಯೇ. ಪ್ರಜ್ಞೆ ಇರುವ ದೊಡ್ಡವರಿಗೆ ಬಿಸಿಯಾದ ಸಿಹಿ ಪಾನೀಯ ಕೊಡಬಹುದು. ಮದ್ಯ ಕೂಡದು, ಅದು ಬಿಸಿಯಾದಂತೆ ಭ್ರಮೆ ಹುಟ್ಟಿಸಿ ಮೈಯ ಶಾಖವನ್ನು ಹೊರಗೆ ಹಾಕುತ್ತದೆ. ಕೂಡಲೇ ವೈದ್ಯರ ನೆರವು ಪಡೆಯಬೇಕು. ಆಮ್ಲಜನಕದ ಯಂತ್ರ ಬಳಸುವವರು ಮನೆಯಲ್ಲಿದ್ದರೆ ವಿದ್ಯುತ್ ಕಂಪನಿಗೆ ಮುಂಚಿತವಾಗಿ ತಿಳಿಸಿ, ಬದಲಿ ವ್ಯವಸ್ಥೆ ಮಾಡಿಟ್ಟುಕೊಳ್ಳಬೇಕು. ಇನ್ಸುಲಿನ್ ಹೆಪ್ಪುಗಟ್ಟಿದರೆ ಮತ್ತೆ ಕರಗಿಸಿ ಬಳಸುವಂತಿಲ್ಲ.

ನಾಲ್ಕನೆಯದಾಗಿ ನೀರು. ಚಳಿಯ ಮುನ್ಸೂಚನೆ ಬಂದಾಗಲೇ ಒಬ್ಬರಿಗೆ ದಿನಕ್ಕೆ ನಾಲ್ಕು ಲೀಟರಿನಂತೆ ಕೆಲವು ದಿನಗಳಿಗೆ ನೀರು ತುಂಬಿಡಬೇಕು. ರಾತ್ರಿ ನಲ್ಲಿಗಳನ್ನು ಸಣ್ಣಗೆ ತೊಟ್ಟಿಕ್ಕಲು ಬಿಡಬೇಕು. ಹರಿಯುವ ನೀರು ಬೇಗ ಹೆಪ್ಪುಗಟ್ಟದು. ಮನೆಯ ನೀರಿನ ಮುಖ್ಯ ವಾಲ್ವ್ ಎಲ್ಲಿದೆ ಎಂದು ಮನೆಯವರಿಗೆಲ್ಲ ತಿಳಿದಿರಬೇಕು, ಕೊಳವೆ ಒಡೆದರೆ ತಕ್ಷಣ ಮುಚ್ಚಲು.

ಕರೆಂಟ್ ಮರಳಿ ಬಂದಾಗ ಎಲ್ಲ ಉಪಕರಣಗಳನ್ನೂ ಒಮ್ಮೆಗೇ ಹಾಕಬಾರದು. ಮೊದಲೇ ಸ್ವಿಚ್‌ಗಳನ್ನು ಆರಿಸಿಟ್ಟು, ನಂತರ ಒಂದೊಂದಾಗಿ ಹಾಕಬೇಕು. ಊರೆಲ್ಲ ಒಟ್ಟಿಗೆ ಹಾಕಿದರೆ ಜಾಲ ಮತ್ತೆ ಕುಸಿಯಬಹುದು.

ಬೆಳಕಿದ್ದ ಮನೆಗಳಿಗೆ ಬಂದ ಬಿಲ್ಲು

ಆ ವಾರ ಕರೆಂಟ್ ಉಳಿದ ಮನೆಗಳವರು ಪುಣ್ಯವಂತರೆಂದು ನಾವು ಭಾವಿಸಬಹುದು. ಅವರಲ್ಲಿ ಹಲವರಿಗೆ ಬೇರೊಂದು ಆಘಾತ ಕಾದಿತ್ತು. ಟೆಕ್ಸಸ್‌ನ ಬಹುಭಾಗದಲ್ಲಿ ಗ್ರಾಹಕರು ತಮಗೆ ಬೇಕಾದ ವಿದ್ಯುತ್ ಕಂಪನಿಯನ್ನೂ ದರದ ಯೋಜನೆಯನ್ನೂ ಆರಿಸಿಕೊಳ್ಳುತ್ತಾರೆ. ಸಾಮಾನ್ಯ ಯೋಜನೆಯಲ್ಲಿ ಯೂನಿಟ್‌ಗೆ ಆಗ 12 ಸೆಂಟಿನ ಆಸುಪಾಸು ದರವಿತ್ತು. ಸಗಟು ಮಾರುಕಟ್ಟೆಯ ದರವನ್ನೇ ನೇರವಾಗಿ ಗ್ರಾಹಕರಿಗೆ ದಾಟಿಸುವ ಯೋಜನೆಗಳೂ ಇದ್ದವು. ಉಳಿದ ದಿನಗಳಲ್ಲಿ ಅವು ಅಗ್ಗ.

ವಿದ್ಯುತ್ ಕೊರತೆಯಾದಾಗ ಸಗಟು ದರ ಏರಿದರೆ ಉತ್ಪಾದಕರು ಹೆಚ್ಚು ಉತ್ಪಾದಿಸುತ್ತಾರೆ ಎಂಬುದು ಅಲ್ಲಿಯ ವ್ಯವಸ್ಥೆಯ ತರ್ಕ. ಫೆಬ್ರವರಿ 15ರಂದು ರಾಜ್ಯದ ನಿಯಂತ್ರಣ ಆಯೋಗ ಸಗಟು ದರವನ್ನು ಆಗಿದ್ದ ಗರಿಷ್ಠ ಮಿತಿಯಲ್ಲಿ ನಿಲ್ಲಿಸಿತು. ಆ ಮಿತಿ ಮೆಗಾವಾಟ್ ಗಂಟೆಗೆ 9,000 ಡಾಲರ್, ಎಂದರೆ ಯೂನಿಟ್‌ಗೆ 9 ಡಾಲರ್. 1,500 ವಾಟಿನ ಒಂದು ಹೀಟರ್ ಹತ್ತು ಗಂಟೆ ಉರಿದರೆ 15 ಯೂನಿಟ್. ಸಾಮಾನ್ಯ ದರದಲ್ಲಿ ಅದಕ್ಕೆ ಎರಡು ಡಾಲರೂ ಆಗುವುದಿಲ್ಲ. ಆ ವಾರದ ಸಗಟು ದರದಲ್ಲಿ 135 ಡಾಲರ್. ಕೆಲವೇ ದಿನಗಳಲ್ಲಿ ಕೆಲವರ ಬಿಲ್ಲು 5,000 ಡಾಲರ್ ದಾಟಿತು. 19ರ ಬೆಳಗಿನವರೆಗೂ ದರ ಅಲ್ಲೇ ಇತ್ತು. ಆದರೆ ಹೆಪ್ಪುಗಟ್ಟಿದ ಯಂತ್ರ ಎಷ್ಟು ಹಣ ತೋರಿಸಿದರೂ ತಿರುಗುವುದಿಲ್ಲ.

ಅಂಥ ಯೋಜನೆ ನೀಡುತ್ತಿದ್ದ ಒಂದು ಕಂಪನಿ ಮರುತಿಂಗಳೇ ದಿವಾಳಿಯಾಯಿತು. ಅದರ ಸುಮಾರು 24,000 ಗ್ರಾಹಕರ ಬಾಕಿ, ಸುಮಾರು 2.9 ಕೋಟಿ ಡಾಲರ್, ನಂತರ ಮನ್ನಾ ಆಯಿತು. ಮನೆಗಳಿಗೆ ಇಂಥ ಯೋಜನೆ ಮಾರುವುದನ್ನೇ 2021ರಲ್ಲಿ ರಾಜ್ಯ ಶಾಸನಸಭೆ ನಿಷೇಧಿಸಿತು. ವಿದ್ಯುತ್ ಸ್ಥಾವರಗಳಿಗೆ ಚಳಿರಕ್ಷಣೆಯನ್ನು ಕಡ್ಡಾಯ ಮಾಡುವ ಕಾನೂನೂ ಅದೇ ವರ್ಷ ಬಂತು. 2022ರ ಆರಂಭದಿಂದ ದರದ ಮಿತಿಯನ್ನು 5,000ಕ್ಕೆ ಇಳಿಸಲಾಯಿತು. 2022ರ ಡಿಸೆಂಬರ್ ಮತ್ತು 2024ರ ಜನವರಿಯ ಕಡುಚಳಿಯಲ್ಲಿ ಆ ಜಾಲ ಲೋಡ್ ಶೆಡ್ಡಿಂಗ್ ಇಲ್ಲದೆ ನಿಂತಿತು. ಆದರೂ 2023ರ ಫೆಬ್ರವರಿಯಲ್ಲಿ ಆಸ್ಟಿನ್ ನಗರದಲ್ಲಿ ಮಂಜಿನ ಭಾರಕ್ಕೆ ಮರಗಳು ತಂತಿಗಳ ಮೇಲೆ ಬಿದ್ದು, ಅನೇಕರು ದಿನಗಟ್ಟಲೆ ಕತ್ತಲಲ್ಲಿದ್ದರು. ಆದ್ದರಿಂದ ಮನೆಯ ಸಿದ್ಧತೆಯನ್ನು ಸರ್ಕಾರಕ್ಕೆ ಬಿಟ್ಟು ಕೂರುವಂತಿಲ್ಲ.

ಬಿಲ್ಲಿನ ವಿಷಯದಲ್ಲಿ ಅಲ್ಲಿರುವ ಮಕ್ಕಳಿಗೆ ಹೇಳಬೇಕಾದ ಮಾತುಗಳು ಕೆಲವೇ. ಯೋಜನೆ ಆರಿಸುವಾಗ ಮೊದಲ ತಿಂಗಳ ಅಗ್ಗದ ದರಕ್ಕೆ ಮರುಳಾಗದೆ, ದರ ಎಷ್ಟು ಕಾಲ ಸ್ಥಿರವಾಗಿರುತ್ತದೆ ಎಂದು ಓದಿ ನೋಡಬೇಕು. ವರ್ಷದ ಖರ್ಚನ್ನು ತಿಂಗಳುಗಳಿಗೆ ಸರಾಸರಿ ಹಂಚುವ ಬಿಲ್ಲಿನ ಸೌಲಭ್ಯ ಕೇಳಿದರೆ ಸಿಗುತ್ತದೆ. ಎಚ್ಚರವಿರುವಾಗ ಮನೆಯ ತಾಪ 20 ಡಿಗ್ರಿ ಸೆಲ್ಸಿಯಸ್ ಸಾಕು; ಹೊದ್ದು ಮಲಗಿದಾಗ ಇನ್ನೂ ತಗ್ಗಿಸಬಹುದು. ಪುಟ್ಟ ಮಗುವೋ ವೃದ್ಧರೋ ಇರುವ ಮನೆಯಲ್ಲಿ ಮಾತ್ರ ಉಳಿತಾಯದ ಹೆಸರಿನಲ್ಲಿ ಅತಿಯಾಗಿ ತಗ್ಗಿಸುವುದು ಬೇಡ. ಬಾಗಿಲು ಕಿಟಕಿಯ ಸಂದುಗಳಿಗೆ ಪಟ್ಟಿ ಅಂಟಿಸುವ ಖರ್ಚು ಬೇಗ ವಾಪಸಾಗುತ್ತದೆ.

ಬಿಲ್ಲು ಕಟ್ಟಲಾಗದಿದ್ದರೆ ಮುಚ್ಚಿಟ್ಟುಕೊಳ್ಳಬಾರದು. ಗಡುವಿಗೆ ಮೊದಲೇ ಕಂಪನಿಯೊಡನೆ ಮಾತನಾಡಿ ಕಂತು ಕೇಳಬೇಕು. ಕಡಿಮೆ ಆದಾಯದವರಿಗಾಗಿ 1981ರಲ್ಲಿ ಆರಂಭವಾದ ಕೇಂದ್ರದ ಇಂಧನ ನೆರವಿನ ಯೋಜನೆಯಿದೆ. 211 ಎಂಬ ಸಂಖ್ಯೆಗೆ ಫೋನ್ ಮಾಡಿದರೆ ಹತ್ತಿರದ ಸಹಾಯ ಕೇಂದ್ರದ ವಿವರ ಸಿಗುತ್ತದೆ. ನಮ್ಮ ಧರ್ಮಕೇಂದ್ರಗಳಲ್ಲಿರುವ ಸಂತ ವಿನ್ಸೆಂಟ್ ದ ಪಾಲ್ ಸಂಘವೇ ಅಲ್ಲಿಯ ಧರ್ಮಕೇಂದ್ರಗಳಲ್ಲೂ ಇದೆ. 1833ರಲ್ಲಿ ಪ್ಯಾರಿಸ್‌ನಲ್ಲಿ ಫ್ರೆಡ್ರಿಕ್ ಓಜನಾಂ ಮತ್ತು ಗೆಳೆಯರು ಆರಂಭಿಸಿದ ಆ ಸಂಘ ಅಮೆರಿಕದಲ್ಲಿ ಬಡವರ ಕರೆಂಟ್ ಬಿಲ್ಲಿಗೂ ನೆರವಾಗುತ್ತದೆ. ಕೇಳಲು ನಾಚಿಕೆಪಡಬೇಕಾಗಿಲ್ಲ.

ಹೊದಿಕೆಯ ನಿಯಮ

ವಿಮೋಚನಾಕಾಂಡದ 22ನೇ ಅಧ್ಯಾಯದಲ್ಲಿ ಒಂದು ಪುಟ್ಟ ನಿಯಮವಿದೆ. ಬಡವನೊಬ್ಬ ಸಾಲಕ್ಕಾಗಿ ತನ್ನ ಹೊದಿಕೆಯನ್ನು ಅಡವಿಟ್ಟರೆ, ಸಾಲ ತೀರಿರಲಿ ಬಿಡಲಿ, ಹೊತ್ತು ಮುಳುಗುವ ಮುನ್ನ ಅದನ್ನು ಅವನಿಗೆ ಹಿಂದಕ್ಕೆ ಕೊಡಬೇಕು. ಮೈಮುಚ್ಚಲು ಅವನಿಗೆ ಇರುವುದು ಅದೊಂದೇ ಎಂಬುದು ಅಲ್ಲಿ ಕೊಟ್ಟಿರುವ ಕಾರಣ. ಇಲ್ಲಿ ಸಾಲವನ್ನು ಅಲ್ಲಗಳೆದಿಲ್ಲ. ಕೊಟ್ಟವನ ಹಕ್ಕನ್ನೂ ತೆಗೆದುಹಾಕಿಲ್ಲ. ಆದರೆ ಚಳಿಯ ರಾತ್ರಿಯ ಮುಂದೆ ಆ ಹಕ್ಕು ಬೆಳಗಿನವರೆಗೆ ಕಾಯಬೇಕು.

ಇಂದು ಚಳಿನಾಡಿನ ಮನೆಗಳಿಗೆ ವಿದ್ಯುತ್ತೇ ಆ ಹೊದಿಕೆ. ಟೆಕ್ಸಸ್‌ನ ನಿಯಮಗಳಲ್ಲೂ ಇದರ ನೆರಳನ್ನು ಕಾಣಬಹುದು: ಹಗಲಿನಲ್ಲೂ ತಾಪ ಸೊನ್ನೆ ಡಿಗ್ರಿ ಸೆಲ್ಸಿಯಸ್ ದಾಟದಷ್ಟು ಚಳಿ ಮುಂದುವರಿದಿರುವಾಗ, ಬಾಕಿ ಇದೆಯೆಂದು ಮನೆಯ ಸಂಪರ್ಕ ಕಡಿಯುವಂತಿಲ್ಲ. ಬಾಕಿ ಹಾಗೆಯೇ ಇರುತ್ತದೆ. ಆ ರಾತ್ರಿಗೆ ಹೊದಿಕೆ ಮಾತ್ರ ಅವನದೇ.

ನ್ಯಾಯವಾದ ಬೆಲೆಯ ಬಗ್ಗೆ ಸಂತ ತೋಮಸ್ ಅಕ್ವಿನಾಸರು 13ನೇ ಶತಮಾನದಲ್ಲೇ ವಿಚಾರ ಮಾಡಿದ್ದರು. ಕೊಳ್ಳುವವನಿಗೆ ಬಹಳ ಅಗತ್ಯವಿದೆ ಎಂಬ ಒಂದೇ ಕಾರಣಕ್ಕೆ ಮಾರುವವನು ಬೆಲೆ ಏರಿಸುವುದು ಸಲ್ಲದು ಎಂಬುದು ಅವರ ಅಭಿಪ್ರಾಯ. ಮಾರುವವನಿಗೆ ಆದ ನಷ್ಟವನ್ನು ಬೆಲೆಯಲ್ಲಿ ಸೇರಿಸಬಹುದು. ಆದರೆ ಕೊಳ್ಳುವವನ ಸಂಕಟ ಮಾರುವವನ ಸ್ವತ್ತಲ್ಲ, ಅದನ್ನು ಅವನು ಮಾರಲಾಗದು. 2021ರ ಆ ದರದ ಆದೇಶ ಆಯೋಗದ ಅಧಿಕಾರದ ಮಿತಿಯಲ್ಲೇ ಇತ್ತೆಂದು ಟೆಕ್ಸಸ್‌ನ ಸರ್ವೋಚ್ಚ ನ್ಯಾಯಾಲಯ 2024ರಲ್ಲಿ ತೀರ್ಪು ನೀಡಿತು. ಕಾನೂನಿನ ಪ್ರಶ್ನೆ ಅಲ್ಲಿಗೆ ಮುಗಿಯಿತು. ಮನಸ್ಸಾಕ್ಷಿಯ ಪ್ರಶ್ನೆ ನಮ್ಮೆಲ್ಲರ ಮುಂದಿದೆ. ಪ್ರವಾಹ ಬಂದಾಗ ದೋಣಿಯವನು, ಮುಷ್ಕರದ ದಿನ ಆಟೋದವನು, ಜ್ವರದ ಕಾಲದಲ್ಲಿ ಔಷಧಿ ಅಂಗಡಿಯವನು ಏನು ಮಾಡಬೇಕೆಂಬುದೂ ಇದೇ ಪ್ರಶ್ನೆ.

ಅದೇ ವಾರ ಹ್ಯೂಸ್ಟನ್‌ನಲ್ಲಿ ಜಿಮ್ ಮೆಕಿಂಗ್‌ವೇಲ್ ಎಂಬ ಪೀಠೋಪಕರಣ ವ್ಯಾಪಾರಿ ತಮ್ಮ ದೊಡ್ಡ ಅಂಗಡಿಯ ಬಾಗಿಲು ತೆರೆದು, ಚಳಿಯಲ್ಲಿ ನಡುಗುತ್ತಿದ್ದವರು ಮಾರಾಟಕ್ಕಿಟ್ಟ ಸೋಫಾ, ಹಾಸಿಗೆಗಳ ಮೇಲೆಯೇ ಮಲಗಲು ಬಿಟ್ಟರು. ಅವರೂ ವ್ಯಾಪಾರಿಯೇ. ಬೆಳಗಾದ ಮೇಲೆ ವ್ಯಾಪಾರ ಇದ್ದೇ ಇತ್ತು.

ಇನ್ನು ನನ್ನ ಮಾತು. ಚಳಿಯಲ್ಲಿರುವವನಿಗೆ ಬೇಕಾದುದನ್ನು ಕೊಡದೆ, ಬೆಚ್ಚಗಿರೆಂದು ಬಾಯಿಮಾತಿನಲ್ಲಿ ಹರಸಿ ಕಳುಹಿಸುವ ವಿಶ್ವಾಸವನ್ನು ಸಂತ ಯಾಕೋಬ ತಮ್ಮ ಪತ್ರದ 2ನೇ ಅಧ್ಯಾಯದಲ್ಲಿ ಕಟುವಾಗಿ ಖಂಡಿಸುತ್ತಾರೆ. ವಿಭೂತಿ ಬುಧವಾರದಂದು ಆ ತಾಯಿಗೆ ನಾನು ಕೊಟ್ಟದ್ದು ಅಂಥದೇ ಹರಕೆ. ಪ್ರಾರ್ಥನೆ ತಪ್ಪಾಗಿರಲಿಲ್ಲ. ತಿಳಿದವರನ್ನು ಒಂದು ಮಾತು ಕೇಳುವ ಶ್ರಮವನ್ನೂ ತೆಗೆದುಕೊಳ್ಳದೆ ಪ್ರಾರ್ಥನೆಯ ಮರೆಗೆ ಸರಿದದ್ದು ತಪ್ಪು. ತಿಳಿದುಕೊಳ್ಳುವುದೂ, ಮುಂಚಿತವಾಗಿ ಸಿದ್ಧವಾಗುವುದೂ ನೆರೆಯವರನ್ನು ಪ್ರೀತಿಸುವ ರೀತಿಗಳೇ. ನಾನು ಮಾಡದೆ ಬಿಟ್ಟ ಆ ಕೆಲಸವನ್ನು, ನಮ್ಮ ಊರು, ಭಾಷೆ ಯಾವುದನ್ನೂ ಅರಿಯದ ಒಬ್ಬ ವೃದ್ಧೆ ಬಾಲ್ಕನಿಯಿಂದ ಕೂಗಿ ಮಾಡಿದಳು.

ಮನೆಮಂದಿ ಕೂಡಿ ಯೋಚಿಸಲು

1. ನಮ್ಮ ಮನೆಯಲ್ಲಿ ಗ್ಯಾಸ್ ಗೀಸರ್, ಇದ್ದಿಲಿನ ಒಲೆ, ಜನರೇಟರ್ ಇವುಗಳಲ್ಲಿ ಯಾವುದಿದೆ? ಅದಿರುವಲ್ಲಿ ಗಾಳಿಯಾಡುತ್ತದೆಯೇ?

2. ಹೊರದೇಶದಲ್ಲಿರುವ ನಮ್ಮ ಮಕ್ಕಳಿಗೆ ಅವರ ನೆರೆಯವರ ಹೆಸರು ತಿಳಿದಿದೆಯೇ? ಮುಂದಿನ ಬಾರಿ ಫೋನ್ ಮಾಡಿದಾಗ ಕೇಳಿ.

3. ನಮ್ಮ ವಠಾರದಲ್ಲಿ ಒಂಟಿಯಾಗಿರುವ ವೃದ್ಧರು ಯಾರು? ಮಳೆಗಾಲದಲ್ಲಿ ಎರಡು ದಿನ ಕರೆಂಟ್ ಹೋದರೆ ಅವರ ಬಾಗಿಲು ತಟ್ಟುವವರು ಯಾರು?

4. ಇನ್ನೊಬ್ಬರ ತುರ್ತಿನಿಂದ ನಾವು ಎಂದಾದರೂ ಲಾಭ ಮಾಡಿಕೊಂಡಿದ್ದೇವೆಯೇ? ಅದನ್ನು ಸರಿಪಡಿಸುವ ದಾರಿ ಏನು?

ಆ ವರ್ಷ ಪಾಸ್ಕ ಹಬ್ಬ ಕಳೆದ ಮೇಲೆ ಆ ತಾಯಿ ಒಂದು ಕಟ್ಟು ಹಿಡಿದುಕೊಂಡು ನನ್ನ ಬಳಿ ಬಂದರು. ನಮ್ಮ ಕಡೆಯ ಕರಿ ಕಂಬಳಿ. ಡಾಲಸ್‌ನ ಆ ವೃದ್ಧೆಗೆ ಕಳುಹಿಸಬೇಕು, ವಿಳಾಸವನ್ನು ಇಂಗ್ಲಿಷಿನಲ್ಲಿ ಬರೆದುಕೊಡಿ ಫಾದರ್ ಎಂದರು. ಅಂಚೆ ವೆಚ್ಚ ಕಂಬಳಿಯ ಬೆಲೆಗಿಂತ ಹೆಚ್ಚಾಗುತ್ತದೆ ಎಂದು ನಾನು ಎಚ್ಚರಿಸಿದೆ. "ಆಗಲಿ ಬಿಡಿ ಫಾದರ್" ಎಂದರು. ಈ ಬಾರಿ ನಾನು ಬೇರೇನೂ ಹೇಳದೆ ವಿಳಾಸ ಬರೆದುಕೊಟ್ಟೆ.